ಮೋಟಾರ್‌ಹೋಮ್ ಸಸ್ಪೆನ್ಷನ್ ಸುಧಾರಿಸುವ ಸಮಗ್ರ ಮಾರ್ಗದರ್ಶಿ: ಮೊದಲು ತೂಕ, ಆಮೇಲೆ ಪ್ಲೇಟ್

ಮಂಗಳೂರು, ಉಡುಪಿ ಕಡೆ ವ್ಯಾನನ್ನು ಮೋಟಾರ್‌ಹೋಮ್ ಮಾಡಿಸಿಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ, ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಜಾಸ್ತಿ ಸೇರಿಸಿದೆ. ಆದರೂ ಚಾರ್ಮಾಡಿ ತಿರುವಿನಲ್ಲಿ ಗಾಡಿ ವಾಲುತ್ತದೆ, ಹಂಪ್ ದಾಟಿದರೆ ಹಿಂದೆ ಧಡ್ ಅನ್ನುತ್ತದೆ. ಇನ್ನು ಎಂತ ಮಾಡುವುದು?"

ಹಾಕಿಸಿದ ಸಾಮಾನು ಸಾಮಾನ್ಯವಾಗಿ ಕೆಟ್ಟದ್ದಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಗಾಡಿಯ ತೂಕ ಎಷ್ಟು, ಆ ತೂಕ ಯಾವ ಚಕ್ರದ ಮೇಲೆ ಕೂತಿದೆ ಎಂದು ನೋಡದೆ ನೇರ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿ ಗಾಡಿ ಖಾಲಿ ಇರುತ್ತದೆ. ಮೆಕ್ಯಾನಿಕ್ ಅಣ್ಣ ಖಾಲಿ ಗಾಡಿ ನೋಡಿ ಅಂದಾಜಿಗೆ ಒಂದು ಪ್ಲೇಟ್ ಸೇರಿಸುತ್ತಾರೆ. ಮನೆಗೆ ಬಂದು ನೀರು, ಗ್ಯಾಸ್, ಹಾಸಿಗೆ, ಜನ ತುಂಬಿದಾಗ ಲೆಕ್ಕ ಪೂರ್ತಿ ಬೇರೆಯೇ ಆಗಿರುತ್ತದೆ.

ಇಲ್ಲಿ ಹೇಳುವುದು ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್ ತರಹದ ವ್ಯಾನ್ ಮೇಲೆ ಕಟ್ಟಿದ, ಹಿಂದೆ ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪ್ಲೇಟ್ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಇರುವ ಗಾಡಿಗಳಿಗೆ. ಮುಂದಿನ ಸಸ್ಪೆನ್ಷನ್ ಮಾಡೆಲ್ ಪ್ರಕಾರ ಬೇರೆ ಬೇರೆ ಇರುತ್ತದೆ. ಹಾಗಾಗಿ ಮುಂದಿನ ಕೆಲಸಕ್ಕೆ ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ ಬೇಕೇ ಬೇಕು.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಸ್ಪ್ರಿಂಗ್ ಎಷ್ಟೇ ಗಟ್ಟಿ ಮಾಡಿ, ಗಾಡಿ ಹೊರಬಹುದಾದ ಗರಿಷ್ಠ ತೂಕ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಆ ಮಿತಿ ಆಕ್ಸಲ್ (ಎಡಬಲ ಚಕ್ರ ಕೂರುವ ಅಚ್ಚು), ಬ್ರೇಕ್, ರಿಮ್, ಟೈರ್, ಚಾಸಿ (ಗಾಡಿಯ ಅಡಿಯ ಚೌಕಟ್ಟು) ಎಲ್ಲ ಸೇರಿಸಿ ಹಾಕಿದ್ದು. ಆರ್‌ಸಿಯಲ್ಲಿ ಬರೆದ ಗರಿಷ್ಠ ತೂಕವೇ ಕೊನೆಯ ಮಾತು.

ಹಂತ 1: ತುಂಬಿದ ಗಾಡಿಯನ್ನು ತೂಕಕ್ಕೆ ಹಾಕಿ

ಪ್ರವಾಸಕ್ಕೆ ಹೊರಡುವ ಹಾಗೆಯೇ ಗಾಡಿ ತುಂಬಿಸಿ. ನೀರಿನ ಟ್ಯಾಂಕ್ ಫುಲ್, ಡೀಸೆಲ್ ಫುಲ್, ಗ್ಯಾಸ್ ಸಿಲಿಂಡರ್, ಪಾತ್ರೆ, ಬಟ್ಟೆ, ಹಿಂದೆ ಸೈಕಲ್ ಕಟ್ಟುವುದಿದ್ದರೆ ಅದೂ. ಮನೆಯವರನ್ನೂ ಕೂರಿಸಿಕೊಂಡು ಹೋಗಿ. ಬಂದರಿಗೆ ಓಡಾಡುವ ಲಾರಿಗಳ ದೆಸೆಯಿಂದ ಪಣಂಬೂರು, ಬೈಕಂಪಾಡಿ ಸುತ್ತ ವೇಬ್ರಿಡ್ಜ್‌ಗೆ (ಇಡೀ ಗಾಡಿ ಹತ್ತಿಸಿ ತೂಗುವ ಹಲಗೆ) ಬರವಿಲ್ಲ. ಉಡುಪಿ ಕಡೆಯವರು ಹತ್ತಿರದ ಜಲ್ಲಿ ಕ್ರಷರ್ ಅಥವಾ ಅಕ್ಕಿ ಮಿಲ್ಲಿನಲ್ಲಿ ಕೇಳಬಹುದು.

ಮೂರು ಸಲ ತೂಕ ತೆಗೆಸಿ. ಮೊದಲು ಮುಂದಿನ ಚಕ್ರ ಮಾತ್ರ ಹಲಗೆಯ ಮೇಲೆ. ಆಮೇಲೆ ಇಡೀ ಗಾಡಿ. ಕೊನೆಗೆ ಮುಂದಿನ ಚಕ್ರ ಇಳಿದು ಹಿಂದಿನದ್ದು ಮಾತ್ರ. ಮುಂದಿನದ್ದು ಮತ್ತು ಹಿಂದಿನದ್ದು ಕೂಡಿಸಿದರೆ ಇಡೀ ತೂಕಕ್ಕೆ ಹತ್ತಿರ ಬರಬೇಕು. ಬಾರದಿದ್ದರೆ ಹಲಗೆಯ ಆಚೀಚೆ ನೆಲ ಸಮ ಇಲ್ಲ ಎಂದರ್ಥ, ಬೇರೆ ಕಡೆ ಹೋಗಿ. ಜಾಗ ಇದ್ದರೆ ಎಡಗಡೆಯ ಎರಡು ಚಕ್ರ ಮಾತ್ರ ಹತ್ತಿಸಿ ಇನ್ನೊಂದು ತೂಕ ತೆಗೆಸಿ. ಅದು ಕರಾರುವಾಕ್ಕು ಅಲ್ಲದಿದ್ದರೂ ಎಡಬಲದ ನಡುವೆ 100 ಕಿಲೋ ವ್ಯತ್ಯಾಸ ಇದ್ದರೆ ಗೊತ್ತಾಗುತ್ತದೆ. ಅಡುಗೆ ಕಟ್ಟೆ, ಫ್ರಿಜ್, ಬ್ಯಾಟರಿ ಮೂರೂ ಒಂದೇ ಬದಿಗೆ ಇಟ್ಟ ಗಾಡಿಗಳಲ್ಲಿ ಇಂಥ ವ್ಯತ್ಯಾಸ ಸಾಮಾನ್ಯ.

ಈಗ ಚೀಟಿಯ ಅಂಕಿಯನ್ನು ಆರ್‌ಸಿ ಜೊತೆ, ಗಾಡಿಗೆ ಕಂಪನಿ ಹೊಡೆದ, ತೂಕದ ಮಿತಿ ಬರೆದ ತಗಡಿನ ಜೊತೆ ಹೋಲಿಸಿ. ಒಟ್ಟು ತೂಕ ಮಾತ್ರ ನೋಡಿ ನಿಟ್ಟುಸಿರು ಬಿಡಬೇಡಿ. ಒಟ್ಟು ಮಿತಿಯೊಳಗೇ ಇದ್ದು ಹಿಂದಿನ ಆಕ್ಸಲ್ ಮಿತಿ ದಾಟಿರುವುದು ಬಹಳ ಕಡೆ ಉಂಟು.

ಅದು ಹೇಗೆ ಆಗುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3350 ಮಿ.ಮೀ. ಇರುವ ಗಾಡಿ. ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ, ಡಿಕ್ಕಿಯ ತುದಿಯಲ್ಲಿ 100 ಲೀಟರ್ ನೀರಿನ ಟ್ಯಾಂಕ್. ನೀರಿನ ತೂಕ 100 ಕಿಲೋ. ಆದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು ಸುಮಾರು 145 ಕಿಲೋ. ಮಿಕ್ಕ 45 ಕಿಲೋ ಮುಂದಿನ ಆಕ್ಸಲ್‌ನಿಂದ ಎತ್ತಿಕೊಂಡದ್ದು. ಅಂದರೆ ಹಿಂದೆ ಸ್ಪ್ರಿಂಗ್ ಕುಸಿಯುವುದರ ಜೊತೆಗೆ ಮುಂದೆ ಸ್ಟೇರಿಂಗ್ ಹಗುರಾಗುತ್ತದೆ. ಮಳೆಯಲ್ಲಿ ಗಾಡಿ ತೇಲಿದ ಹಾಗೆ ಅನಿಸುವುದಕ್ಕೆ ಇದೂ ಒಂದು ಕಾರಣ. ಅದೇ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ ತಂದರೆ ಅರ್ಧ ಸಮಸ್ಯೆ ಪಾನಾ ಹಿಡಿಯದೆಯೇ ಮುಗಿಯುತ್ತದೆ.

ಮಿತಿ ದಾಟಿದ್ದರೆ ಇಲ್ಲೇ ನಿಲ್ಲಿ. ಮೊದಲು ತೂಕ ಇಳಿಸಿ. 18 ಮಿ.ಮೀ. ಪ್ಲೈವುಡ್‌ನ ಒಂದು ಪೂರ್ತಿ ಹಾಳೆ 30 ಕಿಲೋಗಿಂತ ಜಾಸ್ತಿ ತೂಗುತ್ತದೆ. ಮನೆಯ ವಾರ್ಡ್‌ರೋಬ್ ಮಾಡುವ ಆಚಾರಿಗಳಿಗೆ ಒಳಾಂಗಣ ವಹಿಸಿದರೆ ಎಲ್ಲ ಕಡೆ ಅದನ್ನೇ ಹಾಕಿರುತ್ತಾರೆ. 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದೇ 50 ಕಿಲೋ ದಾಟುತ್ತದೆ. ಮನೆಯ 14.2 ಕಿಲೋ ಸಿಲಿಂಡರ್ ಅಂದರೆ ಕಬ್ಬಿಣ ಸೇರಿ 30 ಕಿಲೋ ಹತ್ತಿರ. ಇಂಥವನ್ನು ಒಂದೊಂದಾಗಿ ಹುಡುಕಿ.

ಹಂತ 2: ಎತ್ತರ ಅಳೆದು ಬರೆದಿಡಿ

ಸಮತಟ್ಟಾದ ಕಾಂಕ್ರೀಟ್ ನೆಲ ಹುಡುಕಿ. ನಮ್ಮ ಅಂಗಳಗಳು ಮಳೆನೀರು ಹರಿಯಲೆಂದು ಇಳಿಜಾರು ಇರುತ್ತವೆ, ಅಲ್ಲಿ ಅಳೆದರೆ ಪ್ರಯೋಜನವಿಲ್ಲ. ಟೈರ್ ಗಾಳಿ ಸರಿ ಮಾಡಿಕೊಳ್ಳಿ. ನಾಲ್ಕೂ ಚಕ್ರದ ನಡುಮಧ್ಯದಿಂದ ಮೇಲಿನ ಬಾಡಿ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಗಾಡಿ ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ.

ಇದಕ್ಕಿಂತ ಮುಖ್ಯ ಇನ್ನೊಂದು ಅಳತೆ. ಆಕ್ಸಲ್ ಮೇಲೆ, ಚಾಸಿಗೆ ಅಂಟಿಕೊಂಡ ರಬ್ಬರ್ ಬಂಪ್ ಸ್ಟಾಪ್ ಇರುತ್ತದೆ. ತುಂಬಿದ ಗಾಡಿಯಲ್ಲಿ ಆಕ್ಸಲ್‌ಗೂ ಆ ರಬ್ಬರಿಗೂ ನಡುವೆ ಎಷ್ಟು ಜಾಗ ಉಳಿದಿದೆ ನೋಡಿ. ಎರಡು ಬೆರಳು ತೂರದಷ್ಟು ಕಡಿಮೆ ಇದ್ದರೆ, ಹಂಪಿನಲ್ಲಿ ಧಡ್ ಅನ್ನುವ ಸದ್ದು ಎಲ್ಲಿಂದ ಎಂದು ಸಿಕ್ಕಿತು. ರಬ್ಬರಿನ ತುದಿ ಹೊಳೆಯುವಷ್ಟು ಸವೆದಿದ್ದರೆ ಅಥವಾ ಸೀಳಿದ್ದರೆ ಅದು ದಿನವೂ ಬಡಿಯುತ್ತಿದೆ.

ಫೋಟೋ ತೆಗೆದಿಡಿ. ಕೆಲಸ ಮುಗಿದ ಮೇಲೆ ಹೋಲಿಸಲು ಇದೊಂದೇ ಆಧಾರ.

ಹಂತ 3: ಇರುವುದನ್ನು ಪರೀಕ್ಷಿಸಿ

ಹೊಸ ಸಾಮಾನು ತರುವ ಮೊದಲು ಹಳೆಯದು ಎಷ್ಟು ಕೆಟ್ಟಿದೆ ನೋಡಬೇಕಲ್ವಾ? ಬುಶ್ (ಪಿನ್ ಸುತ್ತ ಕೂರುವ ರಬ್ಬರ್ ಅಥವಾ ಲೋಹದ ಬಳೆ) ಹೋಗಿರುವ ಗಾಡಿಗೆ ದುಬಾರಿ ಶಾಕ್ ಹಾಕಿದರೆ ದುಡ್ಡು ದಂಡ.

ಟೈರ್: ಪಕ್ಕದ ಗೋಡೆಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಮೋಟಾರ್‌ಹೋಮ್ ತಿಂಗಳುಗಟ್ಟಲೆ ನಿಂತಿರುವುದರಿಂದ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಬಿರುಕು ನೋಡಿ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ತೂಕ ಹೊರುತ್ತದೆ ಎಂದು ಸೂಚಿಸುವ ಅಂಕಿ) ನಿಮ್ಮ ತೂಕದ ಚೀಟಿಗೆ ಸಾಲುತ್ತದೆಯೇ ನೋಡಿ. ಗಾಳಿಯನ್ನು ಆಕ್ಸಲ್ ತೂಕಕ್ಕೆ ತಕ್ಕ ಹಾಗೆ, ಟೈರ್ ತಣ್ಣಗಿರುವಾಗ ಹಾಕಿಸಿ. ವಾಲಾಟದ ದೂರು ಕೆಲವು ಸಲ ಇಲ್ಲಿಗೇ ನಿಲ್ಲುತ್ತದೆ.

ಬುಶ್ ಮತ್ತು ಶ್ಯಾಕಲ್ (ಪ್ಲೇಟ್ ಸೆಟ್ಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ): ಪ್ಲೇಟ್ ಸೆಟ್ಟಿನ ತುದಿ ಚಾಸಿಗೆ ಸೇರುವಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ ಹಾಕಿ ಮೀಟಿ. ಪಿನ್ ಕಟಕಟ ಅಲುಗಾಡಿದರೆ ಬುಶ್ ಹೋಗಿದೆ. ಗ್ರೀಸ್ ನಿಪ್ಪಲ್ ಇರುವ ಗಾಡಿಯಲ್ಲಿ ಗ್ರೀಸ್ ಹೊಡೆದಾಗ ಎರಡೂ ಬದಿಯಿಂದ ಹಳೆ ಗ್ರೀಸ್ ಹೊರಬರಬೇಕು. ಬಾರದಿದ್ದರೆ ದಾರಿ ಕಟ್ಟಿದೆ, ಪಿನ್ ಒಣಗಿದೆ.

ಪ್ಲೇಟ್: ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಟಾರ್ಚ್ ಓರೆಯಾಗಿ ಹಿಡಿಯಿರಿ. ಬಿರುಕು ಕೂದಲೆಳೆಯಷ್ಟು ಸಣ್ಣ ಕಂದು ಗೆರೆಯಾಗಿ ಕಾಣುತ್ತದೆ. ಉಜ್ಜಿ ಒರೆಸಿದ ಮರುದಿನ ಆ ಗೆರೆಯಲ್ಲಿ ಮತ್ತೆ ಕೆಂಪು ತುಕ್ಕು ಇಣುಕಿದರೆ ಅದು ಬಿರುಕೇ. ಸೆಂಟರ್ ಬೋಲ್ಟ್ (ಪ್ಲೇಟ್‌ಗಳನ್ನು ನಡುವೆ ಪೋಣಿಸಿ ಹಿಡಿದದ್ದು) ಸುತ್ತ, ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಅಂಚಿನಲ್ಲಿ ಹೆಚ್ಚು ಗಮನ ಕೊಡಿ.

ಚಾಸಿ: ಕರಾವಳಿಯಲ್ಲಿ ಈ ಪರೀಕ್ಷೆ ಬಿಡುವ ಹಾಗೇ ಇಲ್ಲ. ಉಪ್ಪುಗಾಳಿ, ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆ, ಮಲ್ಪೆ ರಸ್ತೆಯಲ್ಲಿ ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು. ಸ್ಪ್ರಿಂಗ್ ಹಿಡಿದ ಬ್ರಾಕೆಟ್ ಮತ್ತು ಅದರ ರಿವೆಟ್ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಕುಟ್ಟಿ. ಟಣ್ ಎಂದರೆ ಸರಿ. ಸದ್ದು ಮಂದವಾಗಿ ಬಂದು ಪದರ ಉದುರಿದರೆ ಒಳಗೆ ಕೊಳೆತಿದೆ. ಕಪ್ಪು ಅಂಡರ್‌ಬಾಡಿ ಕೋಟಿಂಗ್ ನೋಡಿ ನಂಬಬೇಡಿ, ತುಕ್ಕು ಅದರ ಅಡಿಯಲ್ಲೇ ಹರಡುತ್ತದೆ. ಕೊಳೆತ ಚಾಸಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಬ್ರಾಕೆಟ್ಟೇ ಕಿತ್ತು ಬರುತ್ತದೆ. ಮೊದಲು ಚಾಸಿ ರಿಪೇರಿ.

ಹಂತ 4: ಯಾವ ಕಾಯಿಲೆಗೆ ಯಾವ ಮದ್ದು

ಗಾಡಿ ನಿಂತಲ್ಲೇ ಹಿಂದೆ ಕುಸಿದಿದ್ದರೆ ಸ್ಪ್ರಿಂಗ್ ಸೋತಿದೆ. ಶಾಕ್ ಬದಲಿಸಿ ಲಾಭವಿಲ್ಲ, ಮಾಮೂಲಿ ಹೈಡ್ರಾಲಿಕ್ ಶಾಕ್ ತೂಕ ಹೊರುವುದೇ ಇಲ್ಲ. ಅದರ ಕೆಲಸ ಕುಣಿತ ನಿಲ್ಲಿಸುವುದು ಮಾತ್ರ. ಹಂಪ್ ದಾಟಿದ ಮೇಲೆ ಗಾಡಿ ಎರಡು ಮೂರು ಸಲ ಮೇಲೆ ಕೆಳಗೆ ಆಡಿದರೆ ಆಗ ಶಾಕ್ ಬದಲಿಸಿ. ಎನ್‌ಎಚ್ 66ರಲ್ಲಿ ದೊಡ್ಡ ಬಸ್ ಪಕ್ಕದಿಂದ ಹೋದಾಗ, ಅಥವಾ ತಿರುವಿನಲ್ಲಿ ಬಾಡಿ ವಾಲಿದರೆ ಆಂಟಿ ರೋಲ್ ಬಾರ್ (ವಾಲುವುದನ್ನು ತಡೆಯುವ ಅಡ್ಡ ಸರಳು), ಅದರ ಲಿಂಕ್, ಬುಶ್ ನೋಡಬೇಕು. ಮಾಡಿನ ಮೇಲೆ ಎಸಿ, ಸೋಲಾರ್, ಲಗೇಜ್ ಎಂದು ಹೇರಿದ್ದರೆ ಅದನ್ನು ಇಳಿಸದೆ ಯಾವ ಬಾರ್ ಹಾಕಿದರೂ ಅಷ್ಟಕ್ಕಷ್ಟೇ. ಗಾಡಿ ಒಂದೇ ಬದಿಗೆ ವಾಲಿದ್ದರೆ ಸಾಮಾನು ಆ ಕಡೆಯಿಂದ ಈ ಕಡೆಗೆ ಸರಿಸಿ. ಒಂದು ಬದಿಗೆ ಮಾತ್ರ ಪ್ಲೇಟ್ ಸೇರಿಸುವುದು ಬೇಡ, ಬ್ರೇಕ್ ಹಿಡಿದಾಗ ಗಾಡಿ ಎಳೆಯಲು ಶುರುವಾಗುತ್ತದೆ.

ಪ್ಲೇಟ್ ಸೇರಿಸುವಾಗ ದಪ್ಪದ ಲೆಕ್ಕ ತಿಳಿದಿರಿ. ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ಅನುಸಾರ ಏರುತ್ತದೆ. ಉದ್ದ, ಅಗಲ ಅದೇ ಇದ್ದು 8 ಮಿ.ಮೀ. ಬದಲಿಗೆ 10 ಮಿ.ಮೀ. ಪ್ಲೇಟ್ ಹಾಕಿದರೆ ಆ ಪ್ಲೇಟಿನ ಬಿಗಿ ಕಾಲು ಪಾಲು ಹೆಚ್ಚುವುದಲ್ಲ, ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. "ಸ್ವಲ್ಪ ದಪ್ಪದ್ದು ಹಾಕಿಬಿಡಿ" ಎಂದು ಸುಮ್ನೆ ಹೇಳಿ ಬಂದವರ ಗಾಡಿಯಲ್ಲಿ ಕಪಾಟಿನ ಸ್ಕ್ರೂ ಸಡಿಲವಾಗುವುದು, ಗಾಜು ಒಡೆಯುವುದು ಇದರಿಂದಲೇ. ಅದೇ ದಪ್ಪದ ಪ್ಲೇಟ್ ಸೇರಿಸಿ, ಅಥವಾ ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಹೆಲ್ಪರ್ ಪ್ಲೇಟ್ ಆಯ್ದುಕೊಳ್ಳಿ. ನಿಮ್ಮದು ಪ್ಯಾರಾಬೋಲಿಕ್ ಸ್ಪ್ರಿಂಗ್ (ನಡುವೆ ದಪ್ಪ, ತುದಿಗೆ ತೆಳ್ಳಗಾಗುವ ಪ್ಲೇಟ್‌ಗಳದ್ದು) ಆಗಿದ್ದರೆ ಅದಕ್ಕೆ ಹಳೆ ಮಾದರಿಯ ಪ್ಲೇಟ್ ಸೇರಿಸುವ ಹಾಗಿಲ್ಲ. ಪ್ಲೇಟ್‌ಗಳ ನಡುವೆ ಬಿಟ್ಟ ಜಾಗವೇ ಅದರ ಗುಟ್ಟು.

ಏರ್ ಬೆಲ್ಲೋಸ್ (ಸ್ಪ್ರಿಂಗಿಗೆ ನೆರವಾಗುವ, ಗಾಳಿ ತುಂಬುವ ರಬ್ಬರ್ ಚೀಲ) ಒಳ್ಳೆಯ ಆಯ್ಕೆ. ಅದರಲ್ಲೂ ತೂಕ ಮಿತಿಯೊಳಗಿದ್ದು ಪ್ರವಾಸದಿಂದ ಪ್ರವಾಸಕ್ಕೆ ಬದಲಾಗುವವರಿಗೆ. ಆದರೆ ಎಡ ಬಲಕ್ಕೆ ಪ್ರತ್ಯೇಕ ಗಾಳಿ ಪೈಪ್ ಇರಲೇಬೇಕು. ಒಂದೇ ಪೈಪಿನಿಂದ ಎರಡಕ್ಕೂ ಗಾಳಿ ಕೊಟ್ಟರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ನುಗ್ಗುತ್ತದೆ, ವಾಲುವುದು ಇನ್ನೂ ಜಾಸ್ತಿ. ಖಾಲಿ ಗಾಡಿಯಲ್ಲೂ ತಯಾರಕರು ಹೇಳಿದ ಕನಿಷ್ಠ ಗಾಳಿ ಬಿಡಿ. ಪೂರ್ತಿ ಖಾಲಿ ಬೆಲ್ಲೋಸ್ ಮಡಚಿಕೊಂಡು ಹರಿಯುತ್ತದೆ. ಪೈಪ್ ಸೈಲೆನ್ಸರ್‌ನಿಂದ ದೂರ ಇರಲಿ.

ಬೇಡವೇ ಬೇಡ ಎನ್ನುವ ಕೆಲಸಗಳೂ ಇವೆ. ಕುಸಿದ ಪ್ಲೇಟನ್ನು ಗ್ಯಾಸ್ ಕಟರ್‌ನಿಂದ ಕಾಯಿಸಿ ಬಗ್ಗಿಸುವುದು, ಬಿರುಕಿಗೆ ವೆಲ್ಡಿಂಗ್ ಹಾಕುವುದು. ಎರಡರಿಂದಲೂ ಉಕ್ಕಿನ ಹದ ಕೆಡುತ್ತದೆ. ಅಂಥ ಪ್ಲೇಟ್ ಕೆಲವು ದಿನ ನಿಂತು, ಒಂದು ದಿನ ಗುಂಡಿಯಲ್ಲಿ ತುಂಡಾಗುತ್ತದೆ. ಎತ್ತರ ಮಾಡಲೆಂದು ಆಕ್ಸಲ್ ಮೇಲೆ ಒಂದರ ಮೇಲೊಂದು ಕಬ್ಬಿಣದ ಬ್ಲಾಕ್ ಇಡುವುದೂ ಬೇಡ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸವೆದ ಭಾಗಕ್ಕೆ ಅದೇ ವಿವರದ ಹೊಸ ಭಾಗ ಹಾಕುವುದು ಬೇರೆ, ಹೊಸದಾಗಿ ಏನಾದರೂ ಸೇರಿಸುವುದು ಬೇರೆ. ಸೇರಿಸುವುದಿದ್ದರೆ ನಿಮ್ಮ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಮೊದಲೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಹಂತ 5: ಸಲಕರಣೆ ಜೋಡಿಸಿಕೊಳ್ಳಿ

ಗ್ಯಾರೇಜಿನಲ್ಲಿ ಮಾಡಿಸಿದರೂ ಇವು ಅಲ್ಲಿ ಉಂಟಾ ಎಂದು ನೋಡಿ. ಗಾಡಿಯ ತೂಕಕ್ಕೆ ತಕ್ಕ ಹೈಡ್ರಾಲಿಕ್ ಜಾಕಿ ಎರಡು, ತೂಕದ ಮಿತಿ ಬರೆದಿರುವ ಸ್ಟ್ಯಾಂಡ್ ಎರಡು, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡುಗಳು, ದೊಡ್ಡ ಸಾಕೆಟ್ ಸೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್ (ಬಿಗಿತ ಅಳೆದು ಬಿಗಿಯುವ ಪಾನಾ), ತುಕ್ಕು ಬಿಡಿಸುವ ಎಣ್ಣೆ, ವೈರ್ ಬ್ರಷ್, ಸಿ ಕ್ಲ್ಯಾಂಪ್ ಎರಡು, ಸುತ್ತಿಗೆ, ಬಿಳಿ ಪೇಂಟ್ ಮಾರ್ಕರ್. ಹೊಸ ಯು ಬೋಲ್ಟ್, ನಟ್, ಸೆಂಟರ್ ಬೋಲ್ಟ್, ಬುಶ್ ಮೊದಲೇ ತಂದಿಟ್ಟುಕೊಳ್ಳಿ.

ನಮ್ಮ ಊರಿನಲ್ಲಿ ಮನೆ ಹಿಂದೆ ಕೆಂಪು ಕಲ್ಲು ರಾಶಿ ಇದ್ದೇ ಇರುತ್ತದೆ. ಜಾಕಿ ಎತ್ತಿದ ಮೇಲೆ ಸ್ಟ್ಯಾಂಡ್ ಬದಲು ಅದನ್ನೇ ಜೋಡಿಸುವ ಅಭ್ಯಾಸವೂ ಇದೆ. ದಯವಿಟ್ಟು ಮಾಡಬೇಡಿ. ಮುರಕಲ್ಲು ತೂತು ತೂತಾದ ಕಲ್ಲು, ಮಳೆನೀರು ಕುಡಿದರೆ ಇನ್ನೂ ಮೆತ್ತಗೆ. ಒಂದು ಮೂಲೆಗೆ ಟನ್‌ಗಟ್ಟಲೆ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ, ಅಡಿಯಲ್ಲಿ ಮನುಷ್ಯ ಇರುತ್ತಾನೆ. ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಜಾಕಿ ಕೂಡ ಹೂತುಹೋಗುತ್ತದೆ. ಅಡಿಗೆ ದಪ್ಪ ಉಕ್ಕಿನ ತಗಡು ಕೊಡಿ.

ಹಂತ 6: ಹಿಂದಿನ ಸ್ಪ್ರಿಂಗ್ ಬದಲಿಸುವ ಕ್ರಮ

ಎರಡು ದಿನ ಮೊದಲೇ ಎಲ್ಲ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಂಜೆ ಮತ್ತೊಮ್ಮೆ ಹಾಕಿ. ಸಮುದ್ರದ ಬದಿಯ ಗಾಡಿಗಳಲ್ಲಿ ಯು ಬೋಲ್ಟ್ ನಟ್ ಕಲ್ಲಿನಂತೆ ಹಿಡಿದಿರುತ್ತದೆ. ಬಿಡಿಸುವಾಗ ಕತ್ತರಿಸಿದರೂ ಚಿಂತೆಯಿಲ್ಲ, ಹೇಗೂ ಹೊಸದು ಹಾಕಬೇಕು.

ನೀರಿನ ಟ್ಯಾಂಕ್ ಖಾಲಿ ಮಾಡಿ, ಗ್ಯಾಸ್ ಸಿಲಿಂಡರ್ ಹೊರಗಿಡಿ. ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡ ಕೊಡಿ. ಹಿಂದಿನ ಚಕ್ರದ ನಟ್ ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ. ಚಾಸಿಯ ಕೆಳಗೆ ಸ್ಟ್ಯಾಂಡ್, ಆಕ್ಸಲ್ ಕೆಳಗೆ ಜಾಕಿ. ಎರಡೂ ಬೇಕು. ಚಾಸಿ ಸ್ಟ್ಯಾಂಡ್ ಮೇಲೆ ಕೂತಿರುತ್ತದೆ, ಆಕ್ಸಲ್ಲನ್ನು ಮಾತ್ರ ಜಾಕಿಯಿಂದ ಇಳಿಸಿ ಏರಿಸಬೇಕು.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಸರಿದುಹೋಗುತ್ತದೆ, ಮತ್ತೆ ಜಾಗಕ್ಕೆ ತರಲು ಅರ್ಧ ದಿನ ಬೇಕು.

ಬಿಚ್ಚುವ ಕ್ರಮ ಹೀಗೆ: ಶಾಕ್‌ನ ಕೆಳತುದಿ, ಆಂಟಿ ರೋಲ್ ಬಾರ್ ಲಿಂಕ್, ಬ್ರೇಕ್ ವಾಲ್ವ್‌ನ ಸರಳು (ವಿವರ ಹಂತ 8ರಲ್ಲಿ) ಇದ್ದರೆ ಅದು. ಸರಳು ಎಲ್ಲಿ ಕೂತಿತ್ತು ಎಂದು ಪೇಂಟ್ ಮಾರ್ಕರ್‌ನಿಂದ ಗುರುತು ಹಾಕಿ. ಆಮೇಲೆ ಯು ಬೋಲ್ಟ್, ಕೊನೆಗೆ ಎರಡು ತುದಿಯ ಪಿನ್. ಬ್ರೇಕ್ ಪೈಪ್, ಎಬಿಎಸ್ ವೈರ್ ಎಳೆದುಕೊಳ್ಳದಂತೆ ಜಾಕಿಯನ್ನು ನಿಧಾನ ಇಳಿಸಿ. ಪ್ಲೇಟ್ ಸೆಟ್ ಇಳಿಸಲು ಇಬ್ಬರು ಇರಲಿ.

ಸೆಟ್ ಬಿಚ್ಚುವುದಿದ್ದರೆ ಸೆಂಟರ್ ಬೋಲ್ಟ್‌ನ ಎರಡೂ ಬದಿಗೆ ಸಿ ಕ್ಲ್ಯಾಂಪ್ ಬಿಗಿದ ಮೇಲೆಯೇ ಬೋಲ್ಟ್ ಮುಟ್ಟಿ. ಪ್ಲೇಟ್‌ಗಳು ಒತ್ತಿ ಕೂತಿರುತ್ತವೆ. ಕ್ಲ್ಯಾಂಪ್ ಇಲ್ಲದೆ ಬಿಚ್ಚಿದರೆ ಚಿಮ್ಮುತ್ತವೆ, ಮುಖ ಕೈ ಒಡೆಯುತ್ತದೆ.

ಹೊಸ ಸೆಟ್ ಕೂರಿಸುವ ಮೊದಲು ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ಸೀಟನ್ನು ಲೋಹ ಕಾಣುವವರೆಗೆ ಉಜ್ಜಿ. ಸೆಂಟರ್ ಬೋಲ್ಟ್‌ನ ತಲೆ ಸೀಟಿನ ರಂಧ್ರದೊಳಗೆ ಪೂರ್ತಿ ಕೂರಬೇಕು. ತುಕ್ಕಿನ ಚೂರು ಅಡಿಗೆ ಸಿಕ್ಕಿದರೆ ತಲೆ ಅಂಚಿನ ಮೇಲೆ ನಿಲ್ಲುತ್ತದೆ, ನೋಡಲು ಸರಿಯಾಗಿ ಕಾಣುತ್ತದೆ, ನಾಲ್ಕು ಗುಂಡಿ ದಾಟುವಾಗ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ. ಹಿಂದಿನಿಂದ ನೋಡಿದರೆ ಗಾಡಿ ಓರೆಯಾಗಿ ಓಡುತ್ತಿರುತ್ತದೆ.

ಯು ಬೋಲ್ಟ್ ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ನಟ್ ಬಿಗಿಯುವ ಗನ್ ಹಿಡಿದು ಒಂದೇ ಸಲಕ್ಕೆ ಬಿಗಿಯುವುದು ಬೇಡ. ಕೊನೆಯ ಬಿಗಿತ ಟಾರ್ಕ್ ರೆಂಚ್‌ನಲ್ಲೇ, ಮ್ಯಾನುಯಲ್ ಹೇಳಿದ ಅಳತೆಗೆ. ಹಳೆ ಯು ಬೋಲ್ಟ್ ಒಮ್ಮೆ ಎಳೆದುಕೊಂಡಿರುತ್ತದೆ, ಅದು ಮತ್ತೆ ಬಿಗಿ ಹಿಡಿಯುವುದಿಲ್ಲ.

ಈಗ ಹೆಚ್ಚಿನವರು ಎಡವುವ ಜಾಗ. ರಬ್ಬರ್ ಬುಶ್ ಇರುವ ಪಿನ್‌ಗಳನ್ನು ಆಕ್ಸಲ್ ಜೋತಾಡುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಕೈ ಬಿಗಿಗೆ ಬಿಡಿ. ಚಕ್ರ ಹಾಕಿ, ಗಾಡಿ ನೆಲಕ್ಕೆ ಇಳಿಸಿ, ಮಾಮೂಲಿ ಭಾರ ತುಂಬಿಸಿ, ಮುಂದೆ ಹಿಂದೆ ಎರಡು ಸಲ ಓಡಿಸಿ. ಅದು ತನ್ನ ಎತ್ತರಕ್ಕೆ ಕೂತ ಮೇಲೆ ಅಡಿಗೆ ಹೋಗಿ ಬಿಗಿಯಿರಿ. ಜೋತಾಡುವಾಗ ಬಿಗಿದರೆ ಗಾಡಿ ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಎತ್ತರ ತಪ್ಪು ಬರುತ್ತದೆ, ಕಿರಿಕಿರಿ ಸದ್ದು ಬರುತ್ತದೆ, ಬೇಗ ಹರಿಯುತ್ತದೆ. ಹಿತ್ತಾಳೆ ಅಥವಾ ಕಂಚಿನ ಬುಶ್ ಇರುವ ಗಾಡಿಗೆ ಈ ತೊಂದರೆ ಇಲ್ಲ, ಅದಕ್ಕೆ ಗ್ರೀಸ್ ಮುಖ್ಯ.

ಹಂತ 7: ಶಾಕ್ ಅಬ್ಸಾರ್ಬರ್

ಜೋಡಿಯಾಗಿಯೇ ಬದಲಿಸಿ. ಹಾಕುವ ಮೊದಲು ಹೈಡ್ರಾಲಿಕ್ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ. ಪೆಟ್ಟಿಗೆಯಲ್ಲಿ ಅಡ್ಡ ಮಲಗಿದ್ದಾಗ ಒಳಗೆ ಸೇರಿದ ಗಾಳಿ ಹೋಗುತ್ತದೆ.

ಉದ್ದ ನೋಡದೆ ಹೊಂದುವ ಶಾಕ್ ಎಂದು ತರಬೇಡಿ. ಆಕ್ಸಲ್ ಪೂರ್ತಿ ಮೇಲೆ ಹೋದಾಗ ಮೊದಲು ಬಂಪ್ ಸ್ಟಾಪ್ ತಾಗಬೇಕು, ಶಾಕ್ ಅಲ್ಲ. ಪೂರ್ತಿ ಕೆಳಗೆ ಜೋತಾಡಿದಾಗಲೂ ಶಾಕ್‌ನಲ್ಲಿ ಸ್ವಲ್ಪ ಎಳೆತ ಉಳಿದಿರಬೇಕು. ಸ್ಪ್ರಿಂಗ್‌ನಿಂದ ಗಾಡಿ ಎತ್ತರವಾಗಿದ್ದರೆ ಹಳೆ ಉದ್ದದ ಶಾಕ್ ಪ್ರತಿ ಗುಂಡಿಯಲ್ಲೂ ಕೊನೆಯವರೆಗೆ ಎಳೆದು, ಒಳಗಿನ ಪಿಸ್ಟನ್ ಕಿತ್ತು ಬರುತ್ತದೆ.

ಹಂತ 8: ಬ್ರೇಕ್ ವಾಲ್ವ್, ಶಾಫ್ಟ್, ಅಲೈನ್‌ಮೆಂಟ್

ಇದನ್ನು ಬಿಟ್ಟರೆ ಘಾಟಿಯಲ್ಲಿ ಜೀವಕ್ಕೇ ಅಪಾಯ. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಎಲ್‌ಎಸ್‌ಪಿವಿ ಎಂಬ ವಾಲ್ವ್ ಇರುತ್ತದೆ. ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ಒಂದು ಸರಳಿನ ಮೂಲಕ ಅದಕ್ಕೆ ತಿಳಿಯುತ್ತದೆ. ಅಂತರ ಕಡಿಮೆ ಇದ್ದರೆ ಗಾಡಿ ತುಂಬಿದೆ ಎಂದು ಹಿಂದೆ ಹೆಚ್ಚು ಬ್ರೇಕ್ ಬಿಡುತ್ತದೆ. ಅಂತರ ಹೆಚ್ಚಿದ್ದರೆ ಖಾಲಿ ಎಂದು ಕಡಿಮೆ ಬಿಡುತ್ತದೆ. ಗಟ್ಟಿ ಸ್ಪ್ರಿಂಗ್ ಅಥವಾ ಏರ್ ಬೆಲ್ಲೋಸ್ ಹಾಕಿ ನೀವು ಗಾಡಿ ಎತ್ತಿದ್ದೀರಿ. ಗಾಡಿ ತುಂಬಿಯೇ ಇದೆ, ವಾಲ್ವ್ ಮಾತ್ರ ಖಾಲಿ ಎಂದುಕೊಂಡಿದೆ. ಇಳಿಜಾರಿನಲ್ಲಿ ಎಲ್ಲ ಹೊರೆ ಮುಂದಿನ ಬ್ರೇಕ್ ಮೇಲೆ ಬಿದ್ದು ಅದು ಕಾದು ಸೋಲುತ್ತದೆ. ಸ್ಪ್ರಿಂಗ್ ಕೆಲಸದ ನಂತರ ಈ ವಾಲ್ವನ್ನು ಕಂಪನಿ ಹೇಳಿದ ಅಳತೆಗೆ ಮತ್ತೆ ಹೊಂದಿಸಬೇಕು. ಇದನ್ನು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ.

ಟ್ರಾವೆಲರ್ ತರಹ ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದೆ ಎತ್ತರವಾದರೆ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ ಬಲವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ದಂಡ) ಕೋನ ಬದಲಾಗುತ್ತದೆ. ಒಂದು ವೇಗಕ್ಕೆ ಬಂದಾಗ ಮಾತ್ರ ಗಾಡಿಯ ನೆಲ ನಡುಗಿದರೆ ಅದೇ ಕಾರಣ ಇರಬಹುದು. ವಿಂಗರ್ ಮುಂದಿನ ಚಕ್ರದಿಂದ ಎಳೆಯುವುದರಿಂದ ಅದಕ್ಕೆ ಈ ಮಾತಿಲ್ಲ.

ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್ ಆಕ್ಸಲ್ ಜೋತಾಡುವಾಗ ಬಿಗಿಯಾಗಿ ಎಳೆಯುತ್ತದೆಯೇ ನೋಡಿ. ಆಮೇಲೆ ವೀಲ್ ಅಲೈನ್‌ಮೆಂಟ್. ಗಾಡಿ ತುಂಬಿಸಿಯೇ ಒಯ್ಯಿರಿ. ಹೆಡ್‌ಲೈಟ್ ಕಿರಣವನ್ನೂ ಸರಿ ಮಾಡಿಸಿ. ಹಿಂದೆ ಎತ್ತರವಾದರೆ ಬೆಳಕು ದೂರ ಹೋಗದೆ ಗಾಡಿಯ ಹತ್ತಿರವೇ ಬೀಳುತ್ತದೆ.

ಹಂತ 9: ಓಡಿಸಿ ನೋಡುವ ಕ್ರಮ

ಮೊದಲು ಖಾಲಿ ಮೈದಾನ ಅಥವಾ ಜನ ಇಲ್ಲದ ರಸ್ತೆ. ನಿಧಾನ ವೇಗದಲ್ಲಿ ಬ್ರೇಕ್ ಒತ್ತಿ, ಗಾಡಿ ಎಡ ಬಲಕ್ಕೆ ಎಳೆಯುತ್ತದೆಯೇ ನೋಡಿ. ಒಂದು ಹಂಪನ್ನು ಓರೆಯಾಗಿ ದಾಟಿಸಿ, ಸದ್ದು ಕೇಳಿ. ನಂತರ ಸುರತ್ಕಲ್‌ನಿಂದ ಕಾಪುವರೆಗೆ ಹೆದ್ದಾರಿಯಲ್ಲಿ ಹೋಗಿ ಬನ್ನಿ. ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಸುಮಾರು 100 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್, ಚಕ್ರದ ನಟ್ ಮತ್ತೆ ಟಾರ್ಕ್ ಮಾಡಿ. 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಹೊಸ ಪ್ಲೇಟ್‌ಗಳು ಒಂದಕ್ಕೊಂದು ಕೂರುವಾಗ ಬಿಗಿತ ಇಳಿಯುತ್ತದೆ. ನಟ್ ಮೇಲೂ ಪಕ್ಕದ ಲೋಹದ ಮೇಲೂ ಸೇರಿ ಒಂದು ಪೇಂಟ್ ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದು ಬಗ್ಗಿ ನೋಡಿದರೆ ಸಾಕು.

ಘಾಟಿ ಇದಾದ ಮೇಲೆಯೇ. ಮೊದಲ ಪರೀಕ್ಷೆಗೆ ಶಿರಾಡಿ ವಾಸಿ, ತಿರುವುಗಳು ಅಷ್ಟು ಕಡಿದಲ್ಲ. ಚಾರ್ಮಾಡಿ ಆಮೇಲೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಿಗೆ ಉದ್ದದ ಮೋಟಾರ್‌ಹೋಮ್ ಒಯ್ಯುವ ಮೊದಲು ಆ ದಿನ ಯಾವ ಗಾತ್ರದ ಗಾಡಿ ಬಿಡುತ್ತಾರೆ ಎಂದು ಘಾಟಿಯ ಬುಡದ ಸೋಮೇಶ್ವರದಲ್ಲಿ ಕೇಳಿ. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಿರಿ.

ಹೀಗಾದರೆ ಗಾಡಿ ನಿಲ್ಲಿಸಿ

ಸ್ಟೇರಿಂಗ್ ನೇರ ಇದ್ದರೂ ಗಾಡಿ ಓರೆಯಾಗಿ ಓಡುವುದು. ಒಂದು ಬದಿಯ ಚಕ್ರ ಬಾಡಿ ಅಂಚಿಗೆ ಹಿಂದೆ ಅಥವಾ ಮುಂದೆ ಹತ್ತಿರವಾಗಿ ಕಾಣುವುದು. ಗೇರ್ ಹಾಕಿ ಹೊರಟ ಕೂಡಲೇ ಹಿಂದೆ ಕಟ್ ಎಂದು ಒಂದೇ ಸದ್ದು. ಯು ಬೋಲ್ಟ್ ನಟ್ ಕೆಳಗೆ ಒಣ ಕೆಂಪು ಪುಡಿ. ರಾತ್ರೋರಾತ್ರಿ ಗಾಡಿ ಒಂದು ಮೂಲೆಗೆ ಕುಸಿಯುವುದು. ಬ್ರೇಕ್ ಪೆಡಲ್ ಮೆತ್ತಗಾಗಿ ಸುಟ್ಟ ವಾಸನೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ "ಮನೆವರೆಗೆ ಹೋಗಿ ನೋಡುವ" ಎನ್ನಬೇಡಿ. ರಸ್ತೆ ಬದಿಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ.

ಶಾಕ್ ಮೇಲೆ ತೆಳ್ಳನೆ ಎಣ್ಣೆ ಪಸೆ ಕಂಡರೆ ಗಾಬರಿ ಬೇಡ. ಎಣ್ಣೆ ಹರಿದು ತೊಟ್ಟಿಕ್ಕುತ್ತಿದ್ದರೆ ಬದಲಿಸುವ ಸಮಯ ಬಂತು.

ಹಂತ 10: ಮಳೆಗಾಲದ ಮುಂಚೆ ಮತ್ತು ನಂತರ

ಮೇ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಅಡಿಗೆ ಇಳಿಯಿರಿ. ಗ್ರೀಸ್ ಹೊಡೆಯಿರಿ, ಟಾರ್ಕ್ ನೋಡಿ, ಎತ್ತರ ಅಳೆದು ಹಳೆ ಪಟ್ಟಿಗೆ ಹೋಲಿಸಿ. ಮರವಂತೆ, ಮಲ್ಪೆ, ಪಡುಬಿದ್ರಿಯಲ್ಲಿ ಕಡಲ ಬದಿ ರಾತ್ರಿ ನಿಲ್ಲಿಸಿ ಬಂದರೆ ಮರುದಿನವೇ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ. ಮರಳಿನಲ್ಲಿ ಓಡಿಸಿದ್ದರೆ ಬೆಲ್ಲೋಸ್ ಮಡಿಕೆಯಲ್ಲಿ ಸಿಕ್ಕ ಮರಳನ್ನು ನೀರು ಬಿಟ್ಟು ತೆಗೆಯಿರಿ. ಅದು ರಬ್ಬರನ್ನು ಉಜ್ಜಿ ತೂತು ಮಾಡುತ್ತದೆ. ಹೊಸ ಫ್ರಿಜ್, ದೊಡ್ಡ ಬ್ಯಾಟರಿ, ಮಾಡಿನ ಮೇಲೆ ಎಸಿ ಎಂದು ಏನೇ ಸೇರಿಸಿದರೂ ಮತ್ತೆ ವೇಬ್ರಿಡ್ಜ್‌ಗೆ ಹೋಗಿ ಹೊಸ ಚೀಟಿ ತೆಗೆಸಿ, ಹಳೆಯದರ ಜೊತೆ ಆರ್‌ಸಿ ಕವರಿನಲ್ಲೇ ಇಟ್ಟುಕೊಳ್ಳಿ.